ಮನೆ ಬಣ್ಣ

"ಈ ವರ್ಷ ನಿಮ್ಮ ಮನೆ ಬಣ್ಣ ಯಾವುದು?" ಎಂದು ಟೋಪಿ ಹೊಲಿಯುವ ಮುಸ್ತಾರಿ ಎದುರಿನ ಬಟ್ಟೆ ಅಂಗಡಿಯ ಕಲ್ಸೋಮಳನ್ನು ಕೇಳಿಯೇಬಿಟ್ಟ. ಕೇಳಿದ ಮೇಲೆ ಗಂಟಲು ಒಣಗಿತು. ಉಪವಾಸದ ತಿಂಗಳು, ನೀರು ಕುಡಿಯುವ ಹಾಗೂ ಇರಲಿಲ್ಲ.

ಸಿಂಗಾಪುರದ ಗೇಲಾಂಗ್ ಸೆರಾಯಿಯಲ್ಲಿ ರಂಜಾನ್ ಹಬ್ಬದ ದಿನ ಒಂದು ಮನೆಯವರೆಲ್ಲ, ಅಜ್ಜಿಯಿಂದ ಕೂಸಿನವರೆಗೆ, ಒಂದೇ ಬಣ್ಣ ಉಡುತ್ತಾರೆ. ಅದು ಯಾವ ಬಣ್ಣ ಎಂಬುದನ್ನು ಹಬ್ಬದ ಬೆಳಿಗ್ಗೆಯವರೆಗೆ ಬಾಯಿ ಬಿಡುವುದಿಲ್ಲ. ಅಂಥದ್ದರಲ್ಲಿ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾದ ಗಂಡಸು, ಗಂಡ ತೀರಿಕೊಂಡು ಹನ್ನೆರಡು ವರ್ಷವಾದ ಹೆಂಗಸಿನ ಹತ್ತಿರ ಮನೆ ಬಣ್ಣ ಕೇಳಿದರೆ, ಯಾಕೆ ಕೇಳಿದ ಎಂದು ಬಿಡಿಸಿ ಹೇಳಬೇಕಾಗಿಲ್ಲ.

"ಹೋದ ವರ್ಷ ಕೇಳದೇನೇ ಹೊಲಿಸ್ಕೊಂಡಿದ್ರಲ್ಲ?" ಎಂದಳು ಕಲ್ಸೋಮ್, ಬಟ್ಟೆ ಮಡಿಸುತ್ತ.

ಮುಸ್ತಾರಿಯ ಕಿವಿ ಕೆಂಪಾಯಿತು. ಹೋದ ವರ್ಷ ಆಕೆಯ ಮೇಜಿನ ಮೇಲೆ ಹಸಿರು ಬಟ್ಟೆಯ ಕಟ್ಟು ಕಂಡಿದ್ದೇ ತಡ, ಗುಟ್ಟಾಗಿ ತಾನೂ ಹಸಿರು ಹೊಲಿಸಿದ್ದ. ಹಬ್ಬದ ದಿನ ನೋಡಿದರೆ ಕಲ್ಸೋಮಳ ಮನೆಯವರೆಲ್ಲ ಹಳದಿ. ಆ ಹಸಿರು ಕಟ್ಟು ಮದುವೆ ಮನೆಗಳಲ್ಲಿ ತಮಟೆ ಬಾರಿಸುವ ತಂಡದವರದ್ದು. ಅವರು ಇವನನ್ನು ತಮ್ಮವನೇ ಅಂದುಕೊಂಡು ಕೈಗೊಂದು ತಮಟೆ ಕೊಟ್ಟರು. ಬೇಡ ಅನ್ನಲು ನಾಚಿಕೆಯಾಗಿ, ಕಲ್ಸೋಮಳ ಕಣ್ಣೆದುರೇ ಮೂರು ಹಾಡು ಬಾರಿಸಿದ.

"ಚೆನ್ನಾಗೇ ಬಾರಿಸಿದ್ರಿ. ಈ ವರ್ಷಾನೂ ಬಾರಿಸಿ."

"ಈ ವರ್ಷ ಬಾರಿಸ್ತೀನಿ ಬಿಡಿ. ಮುಂದಿನ ವರ್ಷ ಯಾರ ಅಂಗಡಿ ಎದುರು ಬಾರಿಸ್ಲಿ?"

ಕಲ್ಸೋಮ್ ಮಡಿಸುವುದನ್ನು ನಿಲ್ಲಿಸಿದಳು. ಕೆಟ್ಟು ನಿಂತ ಎಸ್ಕಲೇಟರಿನ ಹಿಡಿಕೆಗೆ ನೋಟೀಸು ಅಂಟಿಸಿ ವಾರವಾಗಿತ್ತು. ಹಬ್ಬ ಕಳೆದ ಮೇಲೆ, ಇವರಿಬ್ಬರದ್ದೂ ಸೇರಿ ಈ ಮೆಲೂರ್ ಕಾಂಪ್ಲೆಕ್ಸಿನ ಅಂಗಡಿಗಳೆಲ್ಲ ಖಾಲಿಯಾಗಬೇಕು. ಮುಸ್ತಾರಿಗೆ ವುಡ್‌ಲ್ಯಾಂಡ್ಸಿನಲ್ಲಿ ಜಾಗ ಸಿಕ್ಕಿತ್ತು, ಕಲ್ಸೋಮಳಿಗೆ ಬೆಡೋಕಿನಲ್ಲಿ. ಊರಿನ ಒಂದು ಮೂಲೆ, ಇನ್ನೊಂದು ಮೂಲೆ. ಇಪ್ಪತ್ತಾರು ವರ್ಷ ಎದುರುಬದುರು ಕೂತವರು. ಒಬ್ಬರು ನಮಾಜಿಗೆ ಎದ್ದರೆ ಇನ್ನೊಬ್ಬರು ಎರಡೂ ಅಂಗಡಿ ನೋಡಿಕೊಂಡವರು. ತಲೆ ಎತ್ತಿದರೆ ಎದುರಿಗೆ ಕಲ್ಸೋಮ್ ಇಲ್ಲದ ಅಂಗಡಿಯನ್ನು ನೆನೆಸಿಕೊಂಡರೇ ಮುಸ್ತಾರಿಗೆ ಅಳು ಬರುತ್ತಿತ್ತು.

ಅಷ್ಟರಲ್ಲಿ ಪಕ್ಕದ ದರ್ಜಿ ಸಪಿಯಾ ದಾರ ಕೇಳಲು ಬಂದಳು. ಬಂದವಳು ದಾರ ಮರೆತಳು.

"ಏನು ಮುಸ್ತಾರಿಯಣ್ಣಾ, ಈಗ ಬಟ್ಟೆ ತಗೊಂಡು ಏನ್ಮಾಡ್ತೀರಿ? ನಾನು ಬುಕಿಂಗ್ ನಿಲ್ಲಿಸಿ ಎರಡು ತಿಂಗಳಾಯ್ತು. ಕಟ್ಟಿಕೊಂಡ ಗಂಡನ ಬಟ್ಟೆಗೇ ಇನ್ನೂ ಕತ್ತರಿ ಹಾಕಿಲ್ಲ. ಈಗ ಕೈಗೆತ್ತಿಕೊಂಡಿರೋದು ಕಲ್ಸೋಮಕ್ಕನ ಮನೆ ಬಟ್ಟೆ."

"ಹಾಗಾದ್ರೆ ಬಣ್ಣ ನಿನಗೆ ಗೊತ್ತಿರುತ್ತೆ!"

"ಗೊತ್ತು. ಹೇಳಿದ್ರೆ ನಾಲಿಗೆ ಕತ್ತರಿಸ್ತೀನಿ ಅಂದಿದಾರೆ ಅಕ್ಕ."

ಕಲ್ಸೋಮ್ ಇಬ್ಬರ ಮಾತೂ ಕಿವಿಗೆ ಬೀಳದವಳ ಹಾಗೆ ಸ್ಟೂಲು ಹತ್ತಿದಳು. ಪರದೆ ಬಟ್ಟೆಗಳ ಹಿಂದೆ ಕೈ ಹಾಕಿ, ಪೇಪರಿನಲ್ಲಿ ಸುತ್ತಿಟ್ಟ ಒಂದು ಬಟ್ಟೆ ಥಾನು ಇಳಿಸಿ ಮೇಜಿನ ಮೇಲೆ ಬಿಚ್ಚಿದಳು. ಬದನೆಕಾಯಿ ಬಣ್ಣ. ಸಪಿಯಾ ಬಾಯಿ ತೆರೆದಳು. ಕಲ್ಸೋಮ್ ಒಮ್ಮೆ ದುರುಗುಟ್ಟಿ ನೋಡಿದ್ದಕ್ಕೆ ಮತ್ತೆ ಮುಚ್ಚಿಕೊಂಡಳು.

"ಈ ವಯಸ್ಸಿಗೆ ಬದನೆಕಾಯಿನಾ?" ಮುಸ್ತಾರಿಗೆ ಗುಮಾನಿ. "ಇದು ಯಾವ ತಂಡದ್ದು? ಈ ಸಲ ಕೈಗೆ ಏನು ಕೊಡ್ತಾರೆ?"

"ಬೇಕೋ ಬೇಡ್ವೋ?"

"ಬೇಕು, ಬೇಕು."

ಕಲ್ಸೋಮ್ ಅಳೆದಳು. ಮೂರೂವರೆ ಮೀಟರು, ಮೇಲೊಂದು ಗೇಣು ಜಾಸ್ತಿ. ಕತ್ತರಿ ಸರ್ರನೆ ಓಡಿತು. ಬಟ್ಟೆ ಮಡಿಸಿ ಚೀಲಕ್ಕೆ ಹಾಕಿ ಕೊಟ್ಟಳು. ಇಲ್ಲಿಯ ಪದ್ಧತಿಯಂತೆ ಮುಸ್ತಾರಿ ಎರಡೂ ಕೈಯಲ್ಲಿ ಡಾಲರ್ ನೋಟು ಹಿಡಿದು, ಕೇಳುವ ಹಾಗೆ "ಕೊಂಡೆ" ಎಂದ. ಇನ್ನು ಆಕೆ "ಮಾರಿದೆ" ಅನ್ನಬೇಕು. ಅನ್ನದಿದ್ದರೆ ವ್ಯಾಪಾರ ಕುದುರಿದ ಹಾಗಲ್ಲ.

ಕಲ್ಸೋಮ್ ಅನ್ನಲಿಲ್ಲ. ಹಣವನ್ನೂ ಮುಟ್ಟಲಿಲ್ಲ.

"ಹೇಳಿ ಮಾರಾಯ್ರೇ," ಮುಸ್ತಾರಿಯ ಧ್ವನಿ ಸಣ್ಣಗಾಯಿತು. "ಕೊಡೋಕೆ ಇಷ್ಟ ಇಲ್ವಾ? ವಾಪಸ್ ಇಟ್ಟುಬಿಡ್ಲಾ?"

ಕಲ್ಸೋಮ್ ಕತ್ತರಿ ಕೆಳಗಿಟ್ಟು, ನೋಟು ಹಿಡಿದ ಅವನ ಕೈಯನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದಳು.

"ಮನೆಯವರಿಗೆ ಯಾರಾದ್ರೂ ಮಾರ್ತಾರಾ?"