ಕಾಣೆಯಾದ ಎರಡು ಹಾಳೆ

"ಹಾಳಿ ಎಲ್ಲಿ ಇಟ್ಟೀಯಲೇ?"

ಶಾಕೀರ್ ಚಹಾದ ಲೋಟ ಕೆಳಗಿಡುವ ಮೊದಲೇ ಅರ್ಜುಮಂದ್ ಅವನ ಚೀಲವನ್ನು ಚಾಪೆಯ ಮೇಲೆ ಸುರಿದಳು. ಪೆನ್ನು, ಬಸ್ ಪಾಸು, ಹಾಲ್ ಟಿಕೆಟ್, ಅರ್ಧ ತಿಂದ ಬಿಸ್ಕತ್ ಪೊಟ್ಟಣ. ಹಾಳೆ ಇರಲಿಲ್ಲ.

"ಯಾವ ಹಾಳಿಬೇ?"

"ನನ್ನ ನೋಟ್‌ಬುಕ್ಕಿಂದ ಹರಕೊಂಡಿದ್ದು."

"ಬೇಕಂದ್ರ ಫೋನಾಗ ಫೋಟೋ ಹೊಡಕೊಂತಿದ್ದೆ. ಹರಿಯಾಕ ನನಗೇನು ಹುಚ್ಚು ಹಿಡದೈತೇನು?"

"ಫೋಟೋ ಹೊಡದ್ರ ನನ್ನ ಹತ್ರನೂ ಉಳೀತಾವ. ಹರದ್ರ ಉಳಿಯಂಗಿಲ್ಲ."

ಮಸ್ಕಿಯ ಆ ಮನೆಯಲ್ಲಿ ಅಣ್ಣ ತಮ್ಮಂದಿರ ಮಕ್ಕಳಾದ ಇವರಿಬ್ಬರೂ ಒಂದೇ ಪರೀಕ್ಷೆಗೆ ಓದುತ್ತಿದ್ದರು. ಉಚಿತ ವಸತಿ ತರಬೇತಿಯ ಪ್ರವೇಶ ಪರೀಕ್ಷೆ. ತಾಲೂಕಿಗೆ ಒಂದೇ ಸೀಟು. ಶಾಕೀರನಿಗೆ ಇನ್ನೂ ಮೂರು ಸಲ ಬರೆಯುವಷ್ಟು ವಯಸ್ಸಿತ್ತು. ಅರ್ಜುಮಂದಳಿಗೆ ಇದೇ ಕೊನೆಯದು. ಮುಂದಿನ ವರ್ಷ ಅವಳು ವಯೋಮಿತಿ ದಾಟುತ್ತಾಳೆ, ಆಮೇಲೆ ರೊಟ್ಟಿ ಬಡಿಯುತ್ತ ಕೂರಬೇಕು.

ಸಿಂಧನೂರಿನ ಕೋಚಿಂಗಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು, ಒಬ್ಬರು ಮುಂದೆ, ಒಬ್ಬರು ಹಿಂದೆ. ಕ್ಲಾಸಿನ ಸಮಯ ಬದಲಾದ ಸುದ್ದಿಯನ್ನು ಅವನು ಅವಳಿಗೆ ಹೇಳಲಿಲ್ಲ. ಅವನು ಜೋಪಾನವಾಗಿಟ್ಟಿದ್ದ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಅವಳು ಮಿರ್ಚಿ ಕಟ್ಟಿ ಪಕ್ಕದ ಮನೆಗೆ ಕೊಟ್ಟಳು. ಹೀಗೆ ನಾಲ್ಕು ತಿಂಗಳಿನಿಂದ ಇಬ್ಬರ ಅಭ್ಯಾಸವೂ ಚೆನ್ನಾಗಿಯೇ ನಡೆದಿತ್ತು.

ತಾರ್ಕಿಕ ಸಾಮರ್ಥ್ಯದ ಪ್ರಶ್ನೆಗಳಲ್ಲಿ ಅರ್ಜುಮಂದಳನ್ನು ಮೀರಿಸುವವರಿರಲಿಲ್ಲ. ಚೌಕ ಕೊರೆದು, ಮನೆಗಳಲ್ಲಿ ಅಂಕಿ ತುಂಬಿ, ಒಂದು ಮನೆ ಖಾಲಿ ಬಿಟ್ಟು, ಅಲ್ಲಿ ಏನು ಬರಬೇಕೆಂದು ಕೇಳುವ ಪ್ರಶ್ನೆಗಳೆಂದರೆ ಅವಳಿಗೆ ಪ್ರಾಣ. ಅವುಗಳ ಗುಟ್ಟನ್ನೆಲ್ಲ ಎರಡು ಹಾಳೆಗೆ ಇಳಿಸಿದ್ದಳು. ಅವಳು ಬರೆಯುವಾಗ, ಇಬ್ಬರೂ ದಾದಿ ಎಂದು ಕರೆಯುವ ಅಜ್ಜಿ ಸಕೀನಾಬೀ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು.

"ನಮ್ಮ ಅಬ್ಬಾನೂ ಹಿಂಗ ಮನಿ ಕೊರದು ಅಂಕಿ ತುಂಬತಿದ್ದರು ಬೇಟಿ. ಅವರ ಕೈಗುಣ ನಿನಗ ಬಂದೈತಿ."

ಅರ್ಜುಮಂದ್ ತಲೆ ಎತ್ತಿರಲಿಲ್ಲ. ಅಜ್ಜಿಯ ಹಳೆಯ ಮಾತುಗಳಿಗೆ ಪರೀಕ್ಷೆಯಲ್ಲಿ ಅಂಕವಿಲ್ಲ.

ಈಗ ಪರೀಕ್ಷೆಗೆ ಉಳಿದಿದ್ದು ಎರಡೇ ದಿನ. ಶಾಕೀರ್ ಚೀಲ ತುಂಬಿಕೊಳ್ಳುತ್ತ ಗೊಣಗಿದ.

"ನಿನ್ನೆ ದಾದಿ ತಾಯಿತ ಕಟ್ಟಿದ್ದೂ ನಿನಗಷ್ಟ. ನಾ ಏನಾದ್ರೂ ಕಿತ್ತಾಡಿದ್ನೇನು? ಆ ಸೀಟೂ ನಿನಗ ಬರಕೊಡಬೇಕೇನು?"

"ನೀ ಕಳ್ಳ. ಕಳ್ಳಗ ಯಾರು ಕಟ್ತಾರ?"

"ಜಗಳ ಸಾಕು ಮಾಡ್ರಿ," ಎಂದು ಸಕೀನಾಬೀ ಒಲೆಯ ಮುಂದಿನಿಂದಲೇ ಕೂಗಿದಳು. "ಹಾಳಿ ಎಲ್ಲೂ ಹೋಗಿಲ್ಲ ಬೇಟಿ. ನಿನ್ನ ಹತ್ರನ ಅದಾವ."

ಕಲಿತದ್ದೆಲ್ಲ ತಲೆಯಲ್ಲಿದೆ ಎಂಬ ಸಮಾಧಾನದ ಮಾತು. ಅರ್ಜುಮಂದಳಿಗೆ ಸಮಾಧಾನ ಬೇಕಿರಲಿಲ್ಲ, ಉತ್ತರ ಬೇಕಿತ್ತು. ಅವಳು ಕೂತು ಲೆಕ್ಕ ಹಾಕಿದಳು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹೋಗಿದ್ದು ಎಲ್ಲಕ್ಕಿಂತ ಬೆಲೆಯುಳ್ಳ ಎರಡೇ ಹಾಳೆ. ಹಾಗೆ ಆರಿಸಿ ಹರಿಯಬೇಕಾದರೆ ಓದಲು ಬರಬೇಕು. ಅವಳು ಇಲ್ಲದಾಗ ಮನೆಯಲ್ಲಿದ್ದವರು ಇಬ್ಬರು. ಸಕೀನಾಬೀಗೆ ಯಾವ ಭಾಷೆಯ ಅಕ್ಷರವೂ ಬಾರದು. ಉಳಿದವನು ಒಬ್ಬನೇ. ಉತ್ತರ ನಲವತ್ತು ಸೆಕೆಂಡಿನಲ್ಲಿ ಸಿಕ್ಕಿತು.

ಶನಿವಾರ ಹಾಲ್ ಟಿಕೆಟ್ ಮೇಲಿದ್ದ ನಂಬರಿಗೆ ಬಸ್ ಸ್ಟ್ಯಾಂಡಿನಿಂದ, ಯಾರದೋ ಫೋನು ಇಸಿದುಕೊಂಡು, ಕರೆ ಮಾಡಿದಳು. ತನ್ನ ಹೆಸರನ್ನಾಗಲಿ ಶಾಕೀರನ ಹೆಸರನ್ನಾಗಲಿ ಹೇಳಲಿಲ್ಲ. ಹೇಳಿದರೆ ಮನೆಯವರೇ ಚಾಡಿ ಹೇಳಿದ್ದೆಂದು ಗೊತ್ತಾಗುತ್ತದೆ. ಅಷ್ಟು ತರ್ಕ ಅವಳಿಗೆ ಬರುತ್ತಿತ್ತು.

"ಮಸ್ಕಿ ಕಡಿಂದ ಬರೋರ ಹತ್ರ ಚೀಟಿ ಐತ್ರಿ. ಎರಡು ಹಾಳಿ. ಚೌಕ ಹಾಕಿ ಅಂಕಿ ಬರದಿದ್ದು. ಕಿಸೆ ಅಷ್ಟ ನೋಡಿ ಬಿಡಬ್ಯಾಡ್ರಿ, ಮೈಮ್ಯಾಲೆ ಏನಿದ್ರೂ ಬಿಚ್ಚಿ ನೋಡ್ರಿ."

ಚೀಟಿ ಸಿಕ್ಕವರನ್ನು ಹೊರಗೆ ಹಾಕಿ, ಮತ್ತೆ ಬರೆಯದಂತೆ ಮಾಡುತ್ತಾರೆ. ಅವಳಿಗೆ ಬೇಕಾಗಿದ್ದೂ ಅದೇ. ವಾಪಸ್ ಬರುವಾಗ ಮನಸ್ಸಿಗೆ ಹಾಯೆನಿಸಿತು, ಅದನ್ನು ಅವಳು ತನ್ನಿಂದಲೇ ಮುಚ್ಚಿಡಲಿಲ್ಲ.

ಭಾನುವಾರ ಲಿಂಗಸುಗೂರಿನ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಎರಡು ಸಾಲು. ಶಾಕೀರನ ಬೆಲ್ಟು ಬಿಚ್ಚಿಸಿದರು, ಬೂಟು ಕಳಚಿಸಿದರು, ಅಂಗಿಯ ಕಾಲರು ಮಡಚಿ ನೋಡಿದರು. ಸಾಕ್ಸನ್ನೂ ತಿರುವಿ ಹಾಕಿದರು. ಅರ್ಜುಮಂದ್ ಹೆಂಗಸರ ಸಾಲಿನಿಂದ ಕತ್ತು ಚಾಚಿ ನೋಡುತ್ತಿದ್ದಳು. ಏನೂ ಸಿಗಲಿಲ್ಲ. ಅವನು ಬೂಟು ಕೈಯಲ್ಲಿ ಹಿಡಿದು ಒಳಗೆ ಹೋದ. ಬಾಯಿಪಾಠ ಮಾಡಿ ಸುಟ್ಟುಹಾಕಿರಬೇಕು, ಹರಾಮಿ, ಎಂದುಕೊಂಡಳು.

ಅವಳ ಸರದಿ ಬಂತು. ತಪಾಸಣೆಯ ಹೆಂಗಸಿನ ಕೈ ಅವಳ ಎಡ ರಟ್ಟೆಯ ಮೇಲೆ ನಿಂತಿತು.

"ಇದೇನ್ರೀ?"

"ತಾಯಿತ. ನಮ್ಮ ದಾದಿ ಕಟ್ಯಾರ."

"ಬಿಚ್ಚರಿ."

"ಪರೀಕ್ಷಾ ಮುಗಿಯೋ ತನಕ ಬಿಚ್ಚಬ್ಯಾಡ ಅಂದಾರ್ರೀ."

"ಬ್ಯಾರೆ ದಿನ ಆಗಿದ್ರ ನಾನೂ ಮುಟ್ಟತಿದ್ದಿಲ್ಲವ್ವಾ. ಮಸ್ಕಿಯವರನ್ನ ಬಿಡಬ್ಯಾಡ್ರಿ ಅಂತ ನಿನ್ನೆ ಯಾರೋ ಫೋನ್ ಮಾಡ್ಯಾರ. ಸಾಹೇಬ್ರು ಅಲ್ಲೇ ನಿಂತು ನೋಡಾಕತ್ತಾರ."

ಅರ್ಜುಮಂದ್ ದಾರ ಬಿಚ್ಚಿ ಕೊಟ್ಟಳು. ಅವಳಿಗೆ ಅಂಜಿಕೆಯೇನೂ ಇರಲಿಲ್ಲ, ಹೊತ್ತಾಗುತ್ತಿದೆ ಎಂಬ ಸಿಟ್ಟಷ್ಟೇ. ಹೆಂಗಸು ಕಪ್ಪು ಬಟ್ಟೆಯ ಹೊಲಿಗೆಗೆ ಬ್ಲೇಡು ಹಾಕಿದಳು.

"ಭಾಳ ದಪ್ಪ ಐತಲ್ಲ. ಯಾರು ಬರದಿದ್ದು?"

"ದಾದಿಯ ಅಬ್ಬಾ ತಾಯಿತ ಬರಕೊಡತಿದ್ದರಂತ. ಹಳೇದು, ಅವರದಾ ಇರಬೇಕ್ರೀ."

ಸಣ್ಣಗೆ ಮಡಚಿದ್ದ ಕಾಗದವನ್ನು ಹೆಂಗಸು ಒಂದೊಂದೇ ಮಡಿಕೆ ಬಿಡಿಸಿ, ಸಾಹೇಬರಿಗೂ ಕಾಣುವಂತೆ ಬಿಸಿಲಿಗೆ ಹಿಡಿದಳು.

ಎರಡು ಹಾಳೆ, ತುಂಬ ಚೌಕಗಳು, ಮನೆ ಮನೆಗೂ ಅಂಕಿ, ಅರ್ಜುಮಂದಳದೇ ಕೈಬರಹ.