ಅಕ್ಕನ ಕ್ಯಾಸೆಟ್ಟು

ನಮ್ಮೂರಲ್ಲಿ ಸತ್ತವರ ಫೋಟೋ ತೂಗುಹಾಕುವುದಿಲ್ಲ. ಅವರು ವಿಡಿಯೋ ಗೇಮಿನ ಕ್ಯಾಸೆಟ್ಟಿನಲ್ಲಿರುತ್ತಾರೆ, ಬದುಕಿದ್ದಾಗ ಆಡಿದ ಹಾಗೇ ಆಡುತ್ತಾರೆ. ದಿನಾ ಕಾಫಿ ಆದಮೇಲೆ ನಮ್ಮನೆಯವರು ಮೊದಲ ಹೆಂಡತಿ ಇಂದುಮತಿಯ ಕ್ಯಾಸೆಟ್ಟಿನ ಧೂಳು ಊದಿ, ಟೀವಿ ಮುಂದೆ ಕೂರುತ್ತಾರೆ. ಅವಳನ್ನು ನಾನು ಅಕ್ಕ ಅನ್ನಬೇಕಂತೆ! ದಿನಾ ಅಕ್ಕನದೇ ಗೆಲುವು.

“ನನ್ನ ಜೊತೆ ಚೌಕಾಬಾರ ಆಡಿದರೆ ಒಂದು ದಿನವೂ ಸೋಲಲ್ಲ ನೀವು,” ಅಂದೆ.

“ಅವಳ ಕೈ ಚುರುಕು ಕಣೇ, ಏನು ಮಾಡಲಿ?”

ಇವತ್ತು ಅವರು ಕ್ಷೌರಕ್ಕೆ ಹೋದಾಗ ನಾನೇ ಊದಿ ಹಾಕಿದೆ, ಆ ಚುರುಕು ಕೈ ನೋಡೇಬಿಡೋಣ ಅಂತ. ಇಂದುಮತಿಯ ಹಸಿರು ವಿಮಾನ ಎದುರಿಗೆ ಬಂದ ಬಂಡೆಗೆಲ್ಲ ಡಿಕ್ಕಿ ಹೊಡೆಯಿತು. ಎರಡೇ ನಿಮಿಷಕ್ಕೆ ಮೂರೂ ಲೈಫ್ ಮುಗಿದವು. ಮೊದಲ ಸಲ ಜಾಯ್‌ಸ್ಟಿಕ್ ಮುಟ್ಟಿದ ನಾನು ಗೆದ್ದಿದ್ದೆ.

ಸಂಜೆ ಅವರು ನನ್ನ ಜೊತೆ ಚೌಕಾಬಾರಕ್ಕೆ ಕೂತರು. ಎಂದಿನಂತೆ ಅವರೇ ಗೆದ್ದರು.