ಸೋರಿದ್ದೆಲ್ಲ ಎಲ್ಲಿ ಹೋಯಿತು

"ನಮ್ಮ ನಾಯಿಗೆ ವಿಷ ಹಾಕಿದ್ದು ನಾನೇ ಅಂತ ಕೊನೆಗೆ ನನ್ನ ತಮ್ಮನ ಬಾಯಲ್ಲೇ ಬಂತು ನೋಡಿ. ಮೊದಮೊದಲು ನಾನಲ್ಲ, ನಾನಲ್ಲ ಅಂತಿದ್ದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ," ಎಂದ ಅಣ್ಣ, ಎತ್ತಿದ ಬಾನೆಟ್ಟಿನ ಪಕ್ಕ ನಿಂತು.

ಮೆಕ್ಯಾನಿಕ್ ಹೂಂಗುಟ್ಟಿದ. ಆಯಿಲ್ ಕಡ್ಡಿ ಎಳೆದು ನೋಡಿದ. ಹಾಲು ಬೆರೆತಂತೆ ಬಿಳಿಚಿಕೊಂಡಿರಲಿಲ್ಲ. ಅಂದರೆ ಎಂಜಿನ್ ತಂಪಾಗಿಡುವ ಕೂಲೆಂಟು ಒಳಗೆ ಆಯಿಲ್ಲಿಗೆ ಸೇರುತ್ತಿಲ್ಲ, ಹೊರಗೇ ಎಲ್ಲೋ ಸೋರುತ್ತಿದೆ. ರೇಡಿಯೇಟರಿನ ಬಾಯಿಗೆ ಗಾಳಿ ಪಂಪು ಕೂರಿಸಿ ಒತ್ತತೊಡಗಿದ.

ಕೇಳುವವರು ಸಿಕ್ಕರೆ ಅಣ್ಣ ಬಿಡುವವನಲ್ಲ. ನಾಯಿ ಬೊಗಳಿದರೆ ಮಹಡಿಯ ಮೇಲೆ ತಮ್ಮನ ಮಗುವಿಗೆ ನಿದ್ದೆ ಕೆಡುತ್ತಿತ್ತು. ಇದರ ಬಾಯಿ ಮುಚ್ಚಿಸಬೇಕು ಎಂದು ಅವನೊಮ್ಮೆ ಗೊಣಗಿದ್ದ. ಹೋದ ತಿಂಗಳು ನಾಯಿ ವಾಂತಿ ಮಾಡಿಕೊಂಡು ಸತ್ತಾಗ, ಹೊಟ್ಟೆಗೆ ಏನೋ ವಿಷ ಹೋಗಿದೆ ಎಂದರು ಪಶುವೈದ್ಯರು. ಅಣ್ಣನಿಗೆ ಅಷ್ಟು ಸಾಕಾಯಿತು. ಒಪ್ಪಿಕೋ, ಇಲ್ಲವೇ ಹೆಂಡತಿ ಮಗುವನ್ನು ಕರೆದುಕೊಂಡು ಮನೆ ಖಾಲಿ ಮಾಡು ಎಂದ. ತಮ್ಮ ಒಪ್ಪಿಕೊಂಡ. ಅಣ್ಣ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ. ಕ್ಷಮಿಸಿದ್ದನ್ನು ನೆಂಟರಿಷ್ಟರಿಗೆಲ್ಲ ಹೇಳಿಕೊಂಡೂ ಬಂದ.

"ಸಿಕ್ತು ಸಾರ್," ಎಂದ ಮೆಕ್ಯಾನಿಕ್, ಕೆಳಗೆ ಟಾರ್ಚು ಬಿಟ್ಟು. ರಬ್ಬರ್ ಪೈಪಿನ ತುದಿಯಲ್ಲಿ ಹಸಿರು ಹನಿಯೊಂದು ದಪ್ಪಗಾಗಿ ನೆಲಕ್ಕೆ ಬಿತ್ತು. "ಯಾವಾಗಿಂದ ಸೋರ್ತಿದೆ?"

"ಹೋದ ತಿಂಗಳಿಂದ ನೆಲ ಒದ್ದೆ ಆಗ್ತಿದೆ."

"ಇದು ತಿಂಗಳದ್ದಲ್ಲ. ಕ್ಲಿಪ್ಪಿನ ಸುತ್ತ ಒಣಗಿದ ಪುಡಿ ಹೇಗೆ ಗಟ್ಟಿ ಕಟ್ಟಿದೆ ನೋಡಿ. ಎರಡು ಮೂರು ತಿಂಗಳಾದ್ರೂ ಆಗಿರ್ಬೇಕು. ಕೂಲೆಂಟು ಕಮ್ಮಿ ಆಗ್ತಿರಲಿಲ್ವಾ?"

"ಆಗ್ತಿತ್ತು. ಆಗಾಗ ಒಂಚೂರು ತುಂಬಿಸ್ತಿದ್ದೆ. ಆದ್ರೆ ನೆಲದ ಮೇಲೆ ಒಂದು ಹನಿನೂ ಇರ್ತಿರಲಿಲ್ಲ."

"ಹೇಗಿರುತ್ತೆ? ಸಿಹಿ ಇರುತ್ತೆ ಸಾರ್ ಇದು. ಕಾರಿನ ಕೆಳಗೆ ನಾಯಿ ಗೀಯಿ ಮಲಗಿದ್ರೆ ಬಿದ್ದಿದ್ದನ್ನೆಲ್ಲ ನೆಕ್ಕಿಬಿಡುತ್ತೆ. ಹೊಟ್ಟೆಗೆ ಹೋದ್ರೆ ವಿಷ..." ಮೆಕ್ಯಾನಿಕ್ ಅಣ್ಣನ ಮುಖ ನೋಡಿ, ಮಾತು ಅಲ್ಲಿಗೇ ಬಿಟ್ಟು ಸ್ಪ್ಯಾನರ್ ಹುಡುಕಲು ಹೋದ.

ಅವರ ನಾಯಿ ಮಲಗುತ್ತಿದ್ದುದೇ ಕಾರಿನ ಕೆಳಗೆ. ಅಣ್ಣನಿಗೆ ನಾಯಿ ಹೋದ ದುಃಖಕ್ಕಿಂತ, ತಾನು ಎಲ್ಲೆಲ್ಲಿ ಏನೇನು ಆಡಿ ಬಂದೆ ಎಂಬುದೇ ಒಂದೊಂದಾಗಿ ನೆನಪಾಗಿ ನಾಚಿಕೆಯಾಯಿತು.

ಕಾರು ಇವತ್ತು ಗ್ಯಾರೇಜಿನಲ್ಲೇ ಉಳಿಯಬಹುದೆಂದು ಅವನು ತಮ್ಮನಿಗೆ ಮೊದಲೇ ಫೋನು ಮಾಡಿದ್ದ. ಕ್ಷಮೆ ಸಿಕ್ಕಿದಂದಿನಿಂದ ತಮ್ಮ ಕರೆದಾಗಲೆಲ್ಲ ಬರುತ್ತಿದ್ದ. ಈಗಲೂ ಬೈಕಿನಲ್ಲಿ ಬಂದ.

"ಏನಂತೆ ಅಣ್ಣ?"

"ಈ ಹಸಿರು ನೀರು ನೆಕ್ಕಿ ಸತ್ತಿದೆ ಕಣೋ ನಾಯಿ. ನಮ್ಮ ಕಾರಿಂದು."

"ಹೌದಾ," ಎಂದ ತಮ್ಮ. ಬೈಕಿನಿಂದ ಇಳಿಯಲಿಲ್ಲ.

"ಮತ್ತೆ ನಾನೇ ಹಾಕಿದ್ದು ಅಂತ ಸುಳ್ಳು ಯಾಕೋ ಹೇಳ್ದೆ?" ಇಷ್ಟಾದ ಮೇಲೂ ಅಣ್ಣನದು ಗದರುವ ದನಿಯೇ.

ತಮ್ಮ ಹೆಲ್ಮೆಟ್ಟು ತೆಗೆದು ಟ್ಯಾಂಕಿನ ಮೇಲಿಟ್ಟ.

"ನಿಜಾನೂ ಹೇಳಿದ್ದೆ ಅಣ್ಣ, ಎಷ್ಟೋ ಸಲ. ನೀನು ನಂಬಿದ್ದು ಸುಳ್ಳನ್ನ ಮಾತ್ರ."